ಶ್ರವಣದಿಂದ ಕೀರ್ತನಕ್ಕೆ: ದಾಸರ ಪದಗಳು ತಟ್ಟೆಗೇರಿದ ಬಗೆ

ಶ್ರೀಮದ್ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನು ತನ್ನ ತಂದೆಗೆ ನಿರೂಪಿಸುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವು ಮೊದಲನೆಯದು, ಕೀರ್ತನವು ಎರಡನೆಯದು. ಕೇಳುವುದು ಮೊದಲು, ಹಾಡುವುದು ಅನಂತರ. ಕಿವಿಗೆ ಬಿದ್ದದ್ದು ಬಾಯಿಗೆ ಬರಬೇಕೆಂಬ ಈ ಕ್ರಮವನ್ನು ನಮ್ಮ ಹರಿದಾಸರು ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಬೀದಿಬೀದಿಗಳಲ್ಲಿ ಆಚರಿಸಿ ತೋರಿಸಿದರು. ಮನೆಯ ಬಾಗಿಲಲ್ಲಿ ನಿಂತು ಕೇಳಿದ ಹೆಣ್ಣುಮಗಳು ಸಂಜೆ ದೀಪ ಹಚ್ಚುವಾಗ ಅದೇ ಪದವನ್ನು ತನಗೆ ಬಂದಂತೆ ಹಾಡಿಕೊಂಡಳು. ದಾಸಸಾಹಿತ್ಯವು ಹೀಗೆ ಬಾಯಿಂದ ಬಾಯಿಗೆ ಹರಿದು ನಾಲ್ಕುನೂರು ವರ್ಷಗಳಿಗೂ ಮಿಕ್ಕು ಬಾಳಿತು.

ಈಗ ಮುಂಬಯಿಯಲ್ಲಿರುವ ನಮ್ಮ ಮನೆಗಳ ನವರಾತ್ರಿಯನ್ನು ನೋಡೋಣ. ಶುಕ್ರವಾರ ಸಂಜೆ ಆಫೀಸಿನಿಂದ ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಪಕ್ಕದಲ್ಲಿ ಮೊಬೈಲನ್ನಿಟ್ಟು ಅದರಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಚ್ಚುತ್ತೇವೆ. ಲಕ್ಷ್ಮಿಯನ್ನು ಕರೆಯುವ ಕಂಠ ಮನೆಯವರದಲ್ಲ, ಧ್ವನಿಮುದ್ರಿಕೆಯದು. ಅದು ನಮ್ಮ ಕಂಠಕ್ಕಿಂತ ಸಾವಿರ ಪಾಲು ಮೇಲಾದ ಕಂಠ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ತೊಡಗಿಸಿತು.

ಹಾವೇರಿ ಕಡೆಯ ಹಳ್ಳಿಯಿಂದ ನಮ್ಮ ತಾಯಿಯವರು ಹಬ್ಬಕ್ಕೆಂದು ಬಂದಿದ್ದರು. ಅಂದು ಮೊಬೈಲಿನ ಗೊಡವೆ ಬೇಡವೆಂದು ತಾವೇ ಆ ಪದವನ್ನು ಹಾಡತೊಡಗಿದರು. ನಡುವೆ, ಲಕ್ಷ್ಮಿಯು ಬಳೆ ತೊಟ್ಟ ಕೈಯನ್ನಾಡಿಸುತ್ತ ಬರುವಂತೆ ವರ್ಣಿಸುವ ನುಡಿ ಬಂದಿತು. ಹನ್ನೆರಡು ವರ್ಷದ ನನ್ನ ಮಗಳು ತಡೆದಳು.

“ಅಜ್ಜೀ, ಈ ನುಡಿ ಹಾಡಿನ್ಯಾಗ ಇಲ್ಲ. ನೀನೇ ಸೇರಿಸಿ ಹಾಡ್ಲಿಕ್ಕತ್ತೀ.”

“ನಮ್ಮವ್ವ ಹಾಡತಿದ್ಲು, ನಾ ಹಾಡತೇನಿ,” ಎಂದಷ್ಟೇ ಹೇಳಿ ತಾಯಿಯವರು ಸುಮ್ಮನಾದರು. ಹಾಡು ಅಲ್ಲಿಗೇ ನಿಂತಿತು. ಮಗಳದು ತಪ್ಪೆನ್ನಲಾರೆ. ಅವಳು ಕೇಳಿ ಕಲಿತ ಮುದ್ರಿಕೆಯಲ್ಲಿ ಆ ನುಡಿ ಇರಲಿಲ್ಲ. ಮುದ್ರಿಕೆಯಲ್ಲಿಲ್ಲದ್ದು ಹಾಡಿನಲ್ಲಿಯೇ ಇಲ್ಲವೆಂದು ಅವಳು ತಿಳಿದಳು. ಹಾಗಾದರೆ ಆ ನುಡಿ ಎಲ್ಲಿ ಬಿಟ್ಟುಹೋಯಿತು? ಇದನ್ನು ತಿಳಿಯಬೇಕಾದರೆ ದಾಸರ ಪದಗಳು ಗ್ರಾಮಫೋನ್ ತಟ್ಟೆಗೆ ಏರಿದ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ.

ತಟ್ಟೆಗೂ ಮೊದಲು ಅಚ್ಚು ಬಂದಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದನು. ನಮ್ಮ ಹರಿದಾಸರ ಪದಗಳನ್ನು ಮೊತ್ತಮೊದಲು ಅಚ್ಚಿಗೆ ತಂದ ಶ್ರೇಯಸ್ಸು ಕ್ರೈಸ್ತಧರ್ಮದ ಪ್ರಚಾರಕ್ಕೆಂದು ಬಂದವನೊಬ್ಬನಿಗೆ ಸಲ್ಲುವುದು ವಿಚಿತ್ರವಾದರೂ ಸತ್ಯ. ಮುಂದೆ ಉಡುಪಿಯ ಪಾವಂಜೆ ಗುರುರಾಯರು, ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ಮೊದಲಾದವರು ಮನೆಮನೆಗಳ ಹಸ್ತಪ್ರತಿಗಳನ್ನು ಹುಡುಕಿ ಈ ಕಾರ್ಯವನ್ನು ಬೆಳೆಸಿದರು. ಅಚ್ಚಿನ ಪುಸ್ತಕಕ್ಕೆ ಜಾಗದ ಕೊರತೆಯಿಲ್ಲ. ಹತ್ತು ನುಡಿಯಿದ್ದರೆ ಹತ್ತೂ ಬರುತ್ತವೆ. ಆದರೆ ಪುಸ್ತಕವು ರಾಗತಾಳಗಳ ಹೆಸರು ಹೇಳೀತೇ ಹೊರತು ಹಾಡಿ ತೋರಿಸದು.

ಹಾಡಿ ತೋರಿಸುವ ಗ್ರಾಮಫೋನ್ ತಟ್ಟೆಗಾಗಿ ನಮ್ಮ ದೇಶದಲ್ಲಿ ಹಾಡು ಮುದ್ರಿಸತೊಡಗಿದ್ದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದ ಗಾಯಕಿಯರ ಹಾಡುಗಳನ್ನು ಮೇಣದ ಮೇಲೆ ಮುದ್ರಿಸಿಕೊಂಡನು. ಆ ಮೇಣದಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅರಗಿನ ತಟ್ಟೆಗಳಾಗಿ ಒತ್ತಲ್ಪಟ್ಟು ಮರಳಿ ಬರುತ್ತಿದ್ದವು. ಅಷ್ಟು ದೂರದ ಕಾರ್ಖಾನೆಯವರಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ? ಅದಕ್ಕಾಗಿ ಹಾಡು ಮುಗಿದೊಡನೆ ಗಾಯಕಿಯು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿ ಇದ್ದಿತು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ಹೆಸರು ಹೇಳುವುದನ್ನು ಹಳೆಯ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು.

ಇದನ್ನು ಕೇಳಿದಾಗಲೆಲ್ಲ ನನಗೆ ದಾಸರ ಅಂಕಿತವು ನೆನಪಾಗುತ್ತದೆ. ದಾಸರೂ ಪದದ ಕೊನೆಯಲ್ಲಿ ಹೆಸರನ್ನು ಹೇಳುತ್ತಾರೆ. ಆದರೆ ಅದು ತಮ್ಮದಲ್ಲ, ವಿಠಲನದು. ‘ಪುರಂದರ ವಿಠಲ’, ‘ವಿಜಯ ವಿಠಲ’, ‘ಜಗನ್ನಾಥ ವಿಠಲ’ ಎಂದು ಒಡೆಯನ ಹೆಸರಿನಲ್ಲಿ ತಮ್ಮ ಗುರುತನ್ನು ಕರಗಿಸಿದವರು ಅವರು. ಯಂತ್ರಕ್ಕೆ ಹಾಡಿದವನ ಹೆಸರು ಬೇಕು, ದಾಸರಿಗೆ ಹಾಡಿಸಿದವನ ಹೆಸರು ಸಾಕು. ಈ ಎರಡೂ ಒಂದೇ ತಟ್ಟೆಯಲ್ಲಿ ಕೂಡಿದಾಗ ಏನಾಯಿತೆಂಬುದೇ ಮುಂದಿನ ಕಥೆ.

ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಹನ್ನೆರಡು ಅಂಗುಲದ್ದಾದರೆ ನಾಲ್ಕು, ನಾಲ್ಕೂವರೆ ನಿಮಿಷ. ಅಷ್ಟರಲ್ಲಿ ರಾಗದ ಛಾಯೆ ತೋರಿಸಬೇಕು, ಪಲ್ಲವಿ ಹಾಡಬೇಕು, ನಡುವೆ ಒಂದೆರಡು ಸಂಗತಿ ಹಾಕಬೇಕು, ಅಂಕಿತ ಮುಟ್ಟಬೇಕು. ಪಲ್ಲವಿಯನ್ನು ಬಿಡುವಂತಿಲ್ಲ, ಪದದ ಜೀವವೇ ಅದು. ಕೊನೆಯ ನುಡಿಯನ್ನೂ ಬಿಡುವಂತಿಲ್ಲ, ಅಂಕಿತವಿರುವುದು ಅಲ್ಲಿ. ಕತ್ತರಿ ಬೀಳುವುದು ನಡುವಿನ ನುಡಿಗಳಿಗೆ. ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ನಡುವಿನ ಒಂದು ಸಾಲು ಬಿಟ್ಟರೆ ಸಂಜೆಗೆ ಲೆಕ್ಕ ಕೂಡುವುದಿಲ್ಲ, ಎಲ್ಲರೂ ಕುಳಿತು ಹುಡುಕಬೇಕಾಗುತ್ತದೆ. ಹಾಡಿನಲ್ಲಿ ಹಾಗಲ್ಲ. ಮೊದಲೂ ಕೊನೆಯೂ ಸರಿಯಾಗಿದ್ದರೆ ನಡುವೆ ಬಿಟ್ಟುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ತಟ್ಟೆಗೆ ಹಾಡಿದವರನ್ನು ದೂರಲು ನಾನಿದನ್ನು ಹೇಳುತ್ತಿಲ್ಲ. ಕನ್ನಡ ನೆಲದ ಕಲಾವಿದರು ಬಹು ಬೇಗ ಈ ಯಂತ್ರದ ಮುಂದೆ ಕುಳಿತರು. ನಂಜನಗೂಡಿನಲ್ಲಿ 1878ರಲ್ಲಿ ಜನಿಸಿ, ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರು ಆರಂಭಕಾಲದ ತಟ್ಟೆಗಳಿಗೆ ಹಾಡಿದವರಲ್ಲಿ ಒಬ್ಬರು. ಗಂಗೂಬಾಯಿ ಹಾನಗಲ್ಲರು ತಾರುಣ್ಯದಲ್ಲಿ ಇದೇ ಮುಂಬಯಿಗೆ ಬಂದು ಹಾಡಿದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಖ್ಯಾಲಿನಂತೆಯೇ ಶರಣರ ವಚನಗಳನ್ನೂ ಹಾಡಿ ಮುದ್ರಿಸಿದರು. ವಚನವೆಂದರೆ ಮೂಲತಃ ಗದ್ಯ. ಅದಕ್ಕೆ ರಾಗದ ಉಡುಗೆ ತೊಡಿಸಿ ಅಕ್ಕಮಹಾದೇವಿಯ ಮಾತನ್ನು ಕನ್ನಡ ಬಾರದವರ ಕಿವಿಗೂ ಮುಟ್ಟಿಸಿದ ಉಪಕಾರ ಅವರದು. ಪುರಂದರದಾಸರ ‘ಜಗದೋದ್ಧಾರನ’ ಪದವನ್ನು ಕಾಪಿ ರಾಗದಲ್ಲಿ ಹಾಡಿ, ಕನ್ನಡ ಮನೆಮಾತಲ್ಲದ ಎಂ. ಎಸ್. ಸುಬ್ಬುಲಕ್ಷ್ಮಿಯವರು ಅದನ್ನು ದೇಶಕ್ಕೆಲ್ಲ ಕೇಳಿಸಿದರು.

ಇಲ್ಲಿ ಭೀಮಸೇನ ಜೋಶಿಯವರ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಶ್ರವಣದಿಂದ ಕೀರ್ತನಕ್ಕೆ ಎಂಬ ಕ್ರಮಕ್ಕೆ ಅವರಿಗಿಂತ ಮಿಗಿಲಾದ ನಿದರ್ಶನ ದೊರೆಯದು. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಈ ಹುಡುಗನು ಅಂಗಡಿಯೊಂದರಲ್ಲಿ ಹಚ್ಚುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯನ್ನು ಕೇಳಿ ಮರುಳಾದನು. ಆ ಮೂರು ನಿಮಿಷದ ಶ್ರವಣವೇ ಅವನನ್ನು ಹನ್ನೊಂದರ ಎಳೆವಯಸ್ಸಿನಲ್ಲಿ ಮನೆ ಬಿಡಿಸಿ, ಗುರುವನ್ನರಸಿ ಉತ್ತರ ಹಿಂದೂಸ್ಥಾನದಲ್ಲೆಲ್ಲ ಅಲೆದಾಡಿಸಿತು. ಕೊನೆಗೆ ಗುರು ದೊರೆತದ್ದು ಮನೆಯ ಸಮೀಪದ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ! ತಟ್ಟೆಯಲ್ಲಿ ಕೇಳಿದ್ದನ್ನು ತಟ್ಟೆಯಂತೆಯೇ ಒಪ್ಪಿಸಿದ್ದರೆ ಭೀಮಸೇನರು ಭೀಮಸೇನರಾಗುತ್ತಿರಲಿಲ್ಲ. ಕೇಳಿದ್ದು ಕಿಡಿಯಾಯಿತು. ಉರಿದದ್ದು ಅವರದೇ ಸಾಧನೆಯ ಎಣ್ಣೆಯಿಂದ.

ಪುಣೆಯಲ್ಲಿ ನೆಲಸಿದ ಆ ಮಹನೀಯರು ಮರಾಠಿಯ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಒಂದೇ ನಿಷ್ಠೆಯಿಂದ ಹಾಡಿದರು. ಎರಡರಲ್ಲಿಯೂ ಇರುವವನು ಪಂಢರಿಯ ವಿಠಲನೊಬ್ಬನೇ. ಜ್ಞಾನೇಶ್ವರರೇ ಆ ವಿಠಲನನ್ನು ಕನ್ನಡದವನೆಂದು ಹಾಡಿರುವಾಗ, ಮಹಾರಾಷ್ಟ್ರದಲ್ಲಿರುವ ನಾವು ಅವನ ವಿಷಯದಲ್ಲಿ ಪರಕೀಯರೆಂದು ಭಾವಿಸಬೇಕಾದುದಿಲ್ಲ. (ಪುರಂದರದಾಸರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂಬುದು ಹಳೆಯ ನಂಬಿಕೆ. ತೀರ್ಥಹಳ್ಳಿಯ ಸಮೀಪದ ಆರಗ ಸೀಮೆಯೆಂಬುದು ಈಚಿನ ವಿದ್ವಾಂಸರ ವಾದ. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ.) ಭೀಮಸೇನರ ಕಂಠದಲ್ಲಿ ‘ಭಾಗ್ಯದ ಲಕ್ಷ್ಮೀ’ಯನ್ನು ಕೇಳಿ ಕೈಮುಗಿದ ನೆರೆಮನೆಯ ಮರಾಠಿ ಮಾತೆಯರು, ಪದದ ಅರ್ಥವನ್ನು ನಮ್ಮನ್ನು ಕೇಳಿ ತಿಳಿದುಕೊಂಡದ್ದುಂಟು. ಪರಸ್ಥಳದಲ್ಲಿ ನಮ್ಮ ಭಾಷೆಗೆ ಇಂತಹ ಗೌರವವನ್ನು ತಂದುಕೊಟ್ಟದ್ದು ಧ್ವನಿಮುದ್ರಿಕೆಯೇ. ಅದನ್ನು ಮರೆತರೆ ಕೃತಘ್ನರಾದೇವು. 2008ರಲ್ಲಿ ಅವರಿಗೆ ಭಾರತರತ್ನ ಘೋಷಿತವಾದಾಗ ಗದಗಿನವರಿಗೂ ಪುಣೆಯವರಿಗೂ ಅದು ಮನೆಯ ಹಬ್ಬವಾಗಿತ್ತು. 2011ರ ಜನವರಿಯಲ್ಲಿ ಅವರು ತೀರಿಕೊಂಡರು.

ಅದೇ ಪದವನ್ನು ದಕ್ಷಿಣಾದಿ ಸಂಗೀತದವರು ಶ್ರೀರಾಗದಲ್ಲಿಯೋ ಮಧ್ಯಮಾವತಿಯಲ್ಲಿಯೋ ಹಾಡುತ್ತಾರೆ. ನಮ್ಮ ತಾಯಿಯವರು ಹಾಡುವ ಧಾಟಿ ಇವೆರಡೂ ಅಲ್ಲ. ಅದು ಬೀಸುವ ಕಲ್ಲಿನ ಮುಂದೆಯೂ ತೊಟ್ಟಿಲ ಪಕ್ಕದಲ್ಲಿಯೂ ಹಾಡಿ ಹಾಡಿ ನುಣುಪಾದ ಧಾಟಿ. ಅದಕ್ಕೆ ಶಾಸ್ತ್ರದ ಹೆಸರಿಲ್ಲ. ಇಂತಹ ಧಾಟಿಗಳು ಊರಿಗೊಂದು, ಮನೆತನಕ್ಕೊಂದು ಇದ್ದವು. ಒಬ್ಬ ಮಹಾಗಾಯಕರ ಒಂದು ಮುದ್ರಿಕೆ ಜನಪ್ರಿಯವಾದಂತೆಲ್ಲ ಉಳಿದ ಧಾಟಿಗಳು ನಾಚಿ ಹಿಂದೆ ಸರಿದವು. ಯಾರೂ ಅವನ್ನು ಹೊರಗಟ್ಟಲಿಲ್ಲ. ಅಷ್ಟು ಚೆನ್ನಾಗಿ ಹಾಡುವವರಿರುವಾಗ ನಮ್ಮದೇಕೆ ಎಂದು ಹಾಡುವವರೇ ಬಾಯಿ ಮುಚ್ಚಿದರು.

ಮೂರು ನಿಮಿಷದ ಕಟ್ಟು ಸಡಿಲವಾದದ್ದು ನಿಮಿಷಕ್ಕೆ ಮೂವತ್ಮೂರೂ ಮೂರನೆಯ ಒಂದು ಸುತ್ತಿನ ಲಾಂಗ್ ಪ್ಲೇ ತಟ್ಟೆ ಬಂದಾಗ. 1950ರ ದಶಕದ ಕೊನೆಯ ಸುಮಾರಿಗೆ ಅದು ನಮ್ಮಲ್ಲಿ ಬಳಕೆಗೆ ಬಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಸಿಕ್ಕಿತು. ಇದರ ಪರಮ ಪ್ರಯೋಜನ ಪಡೆದದ್ದು 1963ರಲ್ಲಿ ಹೊರಬಂದ ಸುಬ್ಬುಲಕ್ಷ್ಮಿಯವರ ವೇಂಕಟೇಶ ಸುಪ್ರಭಾತ. ಹದಿನೈದನೆಯ ಶತಮಾನದಲ್ಲಿ ಪ್ರತಿವಾದಿ ಭಯಂಕರಂ ಅಣ್ಣಂಗರಾಚಾರ್ಯರು ರಚಿಸಿದ ಈ ಕೃತಿಯಲ್ಲಿ ಸುಪ್ರಭಾತ, ಸ್ತೋತ್ರ, ಪ್ರಪತ್ತಿ, ಮಂಗಳಾಶಾಸನ ಎಂದು ನಾಲ್ಕು ಭಾಗಗಳಿವೆ. ಮೊದಲ ಶ್ಲೋಕವಂತೂ ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದೇ. ವಿಶ್ವಾಮಿತ್ರರು ಶ್ರೀರಾಮನನ್ನು ಎಬ್ಬಿಸುವ ಸಂದರ್ಭದ್ದು. ತಿರುಮಲೆಯ ಗರ್ಭಗುಡಿಯ ಮುಂದೆ ನಸುಕಿನಲ್ಲಿ ನಡೆಯುವ ಸೇವೆಯನ್ನು ಸುಮಾರು ಇಪ್ಪತ್ತು ನಿಮಿಷದಲ್ಲಿ, ಮಗಳು ರಾಧಾ ವಿಶ್ವನಾಥನ್ ಅವರೊಡಗೂಡಿ ಹಾಡಿ ಅವರು ಮನೆಮನೆಗೆ ತಂದರು. ಅದರ ಗೌರವಧನವನ್ನು ತಿರುಪತಿ ದೇವಸ್ಥಾನದ ವೇದಪಾಠಶಾಲೆಗೆ ಅರ್ಪಿಸಿದರು. ಮಾಟುಂಗಾದ ಬೆಳಗು ಆ ಸ್ವರವಿಲ್ಲದೆ ಆಗುತ್ತಿರಲಿಲ್ಲವೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅರ್ಥ ತಿಳಿಯದಿದ್ದರೂ ಕೇಳಿ ಕೇಳಿಯೇ ಸಂಸ್ಕೃತ ಶ್ಲೋಕಗಳು ಬಾಯಿಗೆ ಬಂದ ಎಷ್ಟೋ ಗೃಹಿಣಿಯರು ನಮ್ಮ ನಡುವೆ ಇದ್ದಾರೆ. ಇಲ್ಲಿ ಶ್ರವಣವು ಕೀರ್ತನವಾಯಿತು, ನಿಜ. ಇಡಿಯ ಪಾಠ ಇದ್ದುದರಿಂದ ಇಡಿಯಾಗಿಯೇ ಬಾಯಿಗೆ ಬಂದಿತು ಎಂಬುದನ್ನೂ ಗಮನಿಸಬೇಕು.

ಅನಂತರ ಬಂದ ಕ್ಯಾಸೆಟ್ಟುಗಳ ಕಾಲವನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡವರೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಕನ್ನಡ ಭಾವಗೀತೆಗಳು ಈ ದಾರಿ ಹಿಡಿದವು; ಭಕ್ತಿಗೀತೆಗಳು ಹಿಂದೆ ಬೀಳಲಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಪೀಠದಲ್ಲಿದ್ದಾಗಲೇ ವಿದ್ಯಾಭೂಷಣರು ಹಾಡಿದ ದಾಸರ ಪದಗಳು, ರಾಜಕುಮಾರರು ಹಾಡಿದ ಗುರುರಾಯರ ಹಾಡುಗಳು ಊರಿಂದ ಬರುವವರ ಚೀಲಗಳಲ್ಲಿ ಉಪ್ಪಿನಕಾಯಿ ಚಟ್ನಿಪುಡಿಗಳೊಡನೆ ಮುಂಬಯಿ ಸೇರಿದವು. ಗಂಟೆಯ ಅವಧಿಯ ಸುರುಳಿಯಲ್ಲಿ ಹತ್ತು ಹನ್ನೆರಡು ಪದಗಳಿರಬೇಕೆಂಬ ರೂಢಿ ಬಂದುದರಿಂದ ಪದವೊಂದಕ್ಕೆ ಐದಾರು ನಿಮಿಷ ದೊರೆಯಿತು. ಹಾಗೆಂದು ಬಿಟ್ಟುಹೋದ ನುಡಿಗಳೆಲ್ಲ ಮರಳಿ ಬಂದವೆಂದಲ್ಲ. ಸಿಕ್ಕ ಹೆಚ್ಚಿನ ಕಾಲವು ಬಹುತೇಕ ವಾದ್ಯಮೇಳಕ್ಕೂ ಹಿಮ್ಮೇಳದವರು ಪಲ್ಲವಿಯನ್ನು ಮತ್ತೆ ಮತ್ತೆ ಹೇಳುವುದಕ್ಕೂ ಹೋಯಿತೆಂದು ನನ್ನ ಅಭಿಪ್ರಾಯ.

ಕಾಲ ಎಷ್ಟೇ ಸಿಕ್ಕಿದರೂ ಮುದ್ರಿಕೆಯೊಳಗೆ ಹಿಡಿಯದವು ಕೆಲವಿವೆ. ದಾಸರ ಸುಳಾದಿಗಳನ್ನು ನೋಡಿ. ತಾಳದಿಂದ ತಾಳಕ್ಕೆ ದಾಟುತ್ತ ನಿಧಾನವಾಗಿ ತತ್ತ್ವವನ್ನು ಬಿಚ್ಚುವ ಆ ದೀರ್ಘ ರಚನೆಗಳು ಮುದ್ರಿಕೆಗಳಲ್ಲಿ ಅಪರೂಪ. ಆದ್ದರಿಂದಲೇ ನಮ್ಮಲ್ಲಿ ಅನೇಕರು ಅವುಗಳ ಹೆಸರನ್ನೂ ಕೇಳಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ವಾದಿರಾಜರ ಲಕ್ಷ್ಮೀಶೋಭಾನೆ. ನೂರಕ್ಕೂ ಮೇಲ್ಪಟ್ಟ ನುಡಿಗಳ ಆ ಹಾಡು ಯಾವ ಅರಗಿನ ತಟ್ಟೆಗೂ ಹಿಡಿಯುವಂತಹುದಾಗಿರಲಿಲ್ಲ. ಹಿಡಿಯದಿದ್ದುದೇ ಅದರ ಪುಣ್ಯವಾಯಿತೇನೋ! ಮದುವೆಮನೆಯಲ್ಲಿ ಹತ್ತು ಹೆಂಗಸರು ಪುಸ್ತಕ ಹಿಡಿದು ಕುಳಿತು ತಾವೇ ಹಾಡಬೇಕಾಯಿತು. ಬಾಯಲ್ಲಿ ಉಳಿದದ್ದರಿಂದ ಒಂದು ನುಡಿಯೂ ಉದುರದೆ ಇಂದಿಗೂ ಇಡಿಯಾಗಿದೆ.

ಆಂಧ್ರದ ತಾಳ್ಳಪಾಕ ಅನ್ನಮಾಚಾರ್ಯರ ಸಂಗತಿ ಇನ್ನೂ ಬೇರೆ ಬಗೆಯದು. ಅವರ ಸಂಕೀರ್ತನೆಗಳನ್ನು ತಾಮ್ರದ ಹಲಗೆಗಳಲ್ಲಿ ಕೊರೆಸಿ ತಿರುಮಲೆಯ ದೇವಾಲಯದ ಕೋಣೆಯಲ್ಲಿ ಇಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅವು ಬೆಳಕಿಗೆ ಬಂದಾಗ ಪಾಠವಿತ್ತು, ರಾಗದ ಹೆಸರಿತ್ತು, ಹಾಡುವ ಬಗೆ ಮಾತ್ರ ಬಹುಪಾಲು ಮರೆತುಹೋಗಿತ್ತು. ನೇದುನೂರಿ ಕೃಷ್ಣಮೂರ್ತಿಯವರಂತಹ ವಿದ್ವಾಂಸರು ಹೊಸದಾಗಿ ಸ್ವರ ಹಾಕಬೇಕಾಯಿತು. ತಾಮ್ರವು ಅಕ್ಷರವನ್ನು ಕಾಯಿತು, ಧಾಟಿಯನ್ನು ಕಾಯಲಿಲ್ಲ. ನಮ್ಮ ಪುರಂದರದಾಸರ ಪದಗಳಿಗೆ ತಾಮ್ರದ ಹಲಗೆಯ ಭಾಗ್ಯವಿರಲಿಲ್ಲ. ನಮ್ಮ ಅಜ್ಜಿಯರ ನಾಲಗೆಯ ಭಾಗ್ಯವಿತ್ತು. ಆದುದರಿಂದ ನಮ್ಮ ಮನೆಗಳಲ್ಲಿ ಧಾಟಿ ಉಳಿದಿದೆ, ನುಡಿಗಳೂ ಉಳಿದಿವೆ, ಪಾಠಾಂತರಗಳೊಡನೆ.

ಪಾಠಾಂತರದ ಮಾತು ಬಂದುದರಿಂದ ನಮ್ಮ ತಾಯಿಯವರ ನುಡಿಗೆ ಮರಳುತ್ತೇನೆ. ಆ ಘಟನೆಯಾದ ಮೇಲೆ ನಾನು ಅಚ್ಚಾದ ಸಂಗ್ರಹಗಳನ್ನು ತೆರೆದು ನೋಡಿದೆ. ಬಳೆ ತೊಟ್ಟ ಕೈಯ ಆ ನುಡಿ ಅಲ್ಲಿ ಸರಿಯಾಗಿಯೇ ಇದೆ, ಅಂಕಿತದ ನುಡಿಗಿಂತ ಮೊದಲು. ಪುಸ್ತಕವನ್ನು ಮಗಳಿಗೆ ತೋರಿಸಿದೆ. ಅವಳು ಓದಿ, ಅಜ್ಜಿಯ ಬಳಿಗೆ ಹೋಗಿ, “ಇದು ಐತಿ ನೋಡಜ್ಜಿ, ನೀ ಹಾಡಿದ್ದು ಖರೇನ” ಎಂದಳು. ಆದರೆ ತಾಯಿಯವರು ಹಾಡುವುದರಲ್ಲಿ ಇನ್ನೂ ಎರಡು ಸಾಲುಗಳಿವೆ. ಅವು ನಾನು ನೋಡಿದ ಯಾವ ಪುಸ್ತಕದಲ್ಲಿಯೂ ಇಲ್ಲ. ಹಳ್ಳಿಯ ಯಾವಳೋ ಭಕ್ತೆ ಹಾಡುವ ಉಮೇದಿನಲ್ಲಿ ಸೇರಿಸಿರಬಹುದು, ಅಥವಾ ಸಂಗ್ರಹಕಾರರ ಕೈಗೆ ಸಿಗದ ಹಸ್ತಪ್ರತಿಯೊಂದರಲ್ಲಿದ್ದೀತು. ಪಂಡಿತರು ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಬಹುದು. ನಾನು ಬರೆದಿಟ್ಟುಕೊಂಡಿದ್ದೇನೆ.

ನಮ್ಮ ಭಜನಾ ಮಂಡಳಿಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಈಚೆಗೆ ನಮ್ಮ ಸಾಪ್ತಾಹಿಕ ಭಜನೆಯಲ್ಲಿಯೂ ಸ್ಪೀಕರಿಗೆ ಮೊಬೈಲು ಜೋಡಿಸಿ ಅದರ ಹಿಂದೆ ಚಪ್ಪಾಳೆ ತಟ್ಟುವ ಪದ್ಧತಿ ಬಂದಿದೆ. ಶ್ರುತಿ ತಪ್ಪುವ ಭಯವಿಲ್ಲ, ಸಾಲು ಮರೆಯುವ ಅವಮಾನವಿಲ್ಲ ಎಂಬುದು ನಿಜವೇ. ಆದರೆ ಪ್ರಹ್ಲಾದನು ಎರಡನೆಯ ಭಕ್ತಿಗೆ ಶ್ರುತಿಶುದ್ಧಿಯ ಷರತ್ತನ್ನು ಹಾಕಲಿಲ್ಲ. ಮುದ್ರಿಕೆಯನ್ನು ಮೊದಲೊಮ್ಮೆ ಕೇಳಿ ನಿಲ್ಲಿಸಿ, ಅನಂತರ ಪುಸ್ತಕ ನೋಡಿಕೊಂಡು ಎಲ್ಲ ನುಡಿಗಳನ್ನೂ ನಾವೇ ಹಾಡಿದರೆ ಹೇಗೆ? ಇದೇ ಮೊಬೈಲನ್ನು ಇನ್ನೊಂದು ಕೆಲಸಕ್ಕೂ ಬಳಸಬಹುದು. ಊರಿನಿಂದ ಬಂದ ಅಜ್ಜಿಯರು, ಅತ್ತೆಯರು ಯಾವ ಪದವನ್ನು ಯಾವ ಧಾಟಿಯಲ್ಲಿ ಹಾಡುತ್ತಾರೋ ಅದನ್ನು ಕತ್ತರಿಸದೆ ಮುದ್ರಿಸಿ, ಹಾಡಿದವರ ಊರನ್ನೂ ಅವರು ಯಾರಿಂದ ಕಲಿತರೆಂಬುದನ್ನೂ ಕೊನೆಯಲ್ಲಿ ಅವರ ಬಾಯಿಂದಲೇ ಹೇಳಿಸಿ ಇಡೋಣ. ಈ ಯಂತ್ರಕ್ಕೆ ಮೂರು ನಿಮಿಷದ ಕಟ್ಟಿಲ್ಲ.

ನಮ್ಮ ಮನೆಯಲ್ಲಿ ಮಗಳು ಆ ಕೆಲಸವನ್ನು ಆರಂಭಿಸಿದ್ದಾಳೆ. ಇದುವರೆಗೆ ಹದಿನಾಲ್ಕು ಪದಗಳಾಗಿವೆ. ಈ ವಿಜಯದಶಮಿಗೆ ತಾಯಿಯವರು ಮತ್ತೆ ಬರುವವರಿದ್ದಾರೆ. ಶೋಭಾನೆ ಪೂರ್ತಿಯಾಗಿ ಹಾಡಿಸಬೇಕೆಂದು ಅವಳು ಈಗಿನಿಂದಲೇ ಊರಿಗೆ ಫೋನು ಮಾಡಿ ಹೇಳಿದ್ದಾಳೆ.